ಮೇಷ್ಟ್ರಿಲ್ಲದೆ ಬರವಣಿಗೆಯ ಕಮ್ಮಟ ನಡೆಸಬಹುದಾ? ಬರೆಯುವ ಗುರಿ ಪ್ರತಿ ವರ್ಷ ಯಾಕೆ ಬಿಟ್ಟುಹೋಗುತ್ತದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಐದಾರು ಗೆಳೆಯರು ಸೇರಿ ಕತೆ ಬರೆಯುವವರ ಕಮ್ಮಟ ಶುರು ಮಾಡಬೇಕು ಅಂದುಕೊಂಡಿದ್ದೀರಿ. ಆದರೆ ನಿಮ್ಮಲ್ಲಿ ಯಾರೂ ಮೇಷ್ಟ್ರಲ್ಲ, ಯಾರ ಪುಸ್ತಕವೂ ಅಚ್ಚಾಗಿಲ್ಲ. ಹಾಗಿದ್ದರೆ ತಿದ್ದುವವರು ಯಾರು ಅಂತ ಕೇಳಿದ್ದೀರಿ. ಜೊತೆಗೆ, ಪ್ರತಿ ವರ್ಷ ಕಾದಂಬರಿ ಮುಗಿಸುವ ಗುರಿ ಇಟ್ಟುಕೊಳ್ಳುತ್ತೀರಿ, ಎರಡು ತಿಂಗಳಲ್ಲಿ ಅದು ಬಿಟ್ಟುಹೋಗುತ್ತದೆ, ಏನು ಮಾಡಲಿ ಅಂತಲೂ ಕೇಳಿದ್ದೀರಿ.

ಇವು ಎರಡು ಬೇರೆ ಪ್ರಶ್ನೆಗಳು ಅಂತ ನನಗೆ ಅನ್ನಿಸುವುದಿಲ್ಲ. ನಿಮ್ಮ ಗುರಿ ಬಿಟ್ಟುಹೋಗುತ್ತಿರುವುದಕ್ಕೆ ಸೋಮಾರಿತನ ಕಾರಣ ಅಂತ ನೀವೇ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನೀವು ಬರೆಯುವ ಪುಟಕ್ಕಾಗಿ ಯಾರೂ ಕಾಯುತ್ತಿಲ್ಲ, ಅಷ್ಟೇ. ಇವತ್ತು ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನಾಳೆ ಬರೆಯದಿದ್ದರೂ ಗೊತ್ತಾಗುವುದಿಲ್ಲ. ಕಮ್ಮಟ ಮೊದಲು ತುಂಬುವುದು ಈ ಕೊರತೆಯನ್ನು. ಕಲಿಯುವುದು, ತಿದ್ದುವುದು ಎಲ್ಲ ಆಮೇಲೆ.

ನಾನು ಇದುವರೆಗೆ ಎರಡು ಗುಂಪು ಕಟ್ಟಿದ್ದೇನೆ. ಮೊದಲನೆಯದು ಎಂಟು ತಿಂಗಳಿಗೆ ಮುರಿದುಬಿತ್ತು. ಎರಡನೆಯದಕ್ಕೆ ಈಗ ಆರನೇ ವರ್ಷ. ಮೇಷ್ಟ್ರು ಎರಡರಲ್ಲೂ ಇರಲಿಲ್ಲ.

ಮೇಷ್ಟ್ರ ವಿಚಾರ ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಪೀಟರ್ ಎಲ್ಬೋ ಅನ್ನುವ ಅಧ್ಯಾಪಕರು 1973ರಲ್ಲೇ ಮೇಷ್ಟ್ರಿಲ್ಲದ ಬರವಣಿಗೆಯ ತರಗತಿಯ ಬಗ್ಗೆ ಒಂದು ಪುಸ್ತಕ ಬರೆದರು. ಅವರು ಹೇಳಿದ್ದು ಬಹಳ ಸರಳ. ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡಬೇಕಾಗಿಲ್ಲ. ಓದುತ್ತಾ ಹೋದಾಗ ನಿಮ್ಮ ಮನಸ್ಸಿನಲ್ಲಿ ಏನೇನಾಯಿತು ಅಂತ ಹೇಳಿದರೆ ಸಾಕು. ಎಲ್ಲಿ ಕಣ್ಣು ಅರಳಿತು, ಎಲ್ಲಿ ಬೇಸರ ಬಂತು, ಎಲ್ಲಿ ಇದು ಯಾರ ಮಾತು ಅಂತ ಗೊತ್ತಾಗದೆ ಹಿಂದಕ್ಕೆ ಹೋಗಿ ಓದಿದಿರಿ. ಇದನ್ನು ಹೇಳುವುದಕ್ಕೆ ಪದವಿ ಬೇಡ, ಪ್ರಾಮಾಣಿಕ ಓದುಗರಾದರೆ ಸಾಕು. ಬರೆದವರಿಗೆ ಬೇಕಾಗಿರುವುದೂ ಇದೇ ಅಲ್ವಾ? ತಾನು ಅಂದುಕೊಂಡದ್ದು ಇನ್ನೊಬ್ಬರ ತಲೆಗೆ ಹೋಯಿತಾ ಇಲ್ಲವಾ ಅನ್ನುವ ಸುದ್ದಿ.

ಇನ್ನು ಏರ್ಪಾಡು. ಆರು ಜನ ಸಾಕು. ಎಂಟಕ್ಕಿಂತ ಜಾಸ್ತಿ ಬೇಡ. ಹದಿನೈದು ದಿನಕ್ಕೊಮ್ಮೆ, ವಾರದ ಅದೇ ದಿನ, ಅದೇ ಹೊತ್ತು. ಎಲ್ಲರಿಗೂ ಅನುಕೂಲವಾದ ದಿನ ನೋಡೋಣ ಅಂತ ಪ್ರತಿ ಸಲ ಕೇಳಲು ಹೋದರೆ ಮೂರನೇ ಸಭೆ ನಡೆಯುವುದಿಲ್ಲ. ಒಂದು ಸಭೆಗೆ ಇಬ್ಬರ ಬರಹ. ಒಂದೊಂದು ಸುಮಾರು 2,000 ಪದ. ಅದು ಒಂದು ವಾರ ಮುಂಚೆ ಎಲ್ಲರ ಕೈ ಸೇರಬೇಕು, ಎಲ್ಲರೂ ಎರಡು ಸಲ ಓದಿಕೊಂಡು ಬರಬೇಕು. ಮೊದಲ ಸಲ ಸುಮ್ನೆ ಓದುಗರಾಗಿ, ಎರಡನೇ ಸಲ ಪೆನ್ಸಿಲ್ ಹಿಡಿದು. ಒಬ್ಬೊಬ್ಬರ ಬರಹಕ್ಕೆ ನಲವತ್ತೈದು ನಿಮಿಷ ಇಟ್ಟುಕೊಳ್ಳಿ. ಗಡಿಯಾರ ನೋಡುವ ಕೆಲಸ ಒಬ್ಬರಿಗೇ ಕೊಡಿ, ಆ ಕೆಲಸ ಪ್ರತಿ ಸಲ ಬೇರೆಯವರಿಗೆ ಹೋಗಲಿ.

ಇಲ್ಲೊಂದು ಲೆಕ್ಕ ನೋಡಿ. ಆರು ಜನ, ಸಭೆಗೆ ಇಬ್ಬರು ಅಂದರೆ ನಿಮ್ಮ ಸರದಿ ಆರು ವಾರಕ್ಕೊಮ್ಮೆ ಬರುತ್ತದೆ. ವರ್ಷಕ್ಕೆ ಎಂಟು ಸಲ. ಅಂದರೆ 16,000 ಪದ, ಯಾರೂ ಬೈಯದೆ, ಯಾವ ಸಂಕಲ್ಪವೂ ಇಲ್ಲದೆ. ಕಾದಂಬರಿಗೆ ಇದು ಸಾಲದು, ನಿಜ. ಆದರೆ ಹೋದ ವರ್ಷ ನೀವು ಬರೆದದ್ದೆಷ್ಟು ಅಂತ ಒಮ್ಮೆ ಎಣಿಸಿ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಮ್ಮಟ ಉಳಿಯುವುದೂ ಸಾಯುವುದೂ ಮಾತಾಡುವ ರೀತಿಯಲ್ಲಿ.

ನಮ್ಮ ಮೊದಲ ಗುಂಪಿಗೆ ಒಬ್ಬರು ಬಂದಿದ್ದರು. ವಯಸ್ಸಿನಲ್ಲಿ ನಮಗಿಂತ ದೊಡ್ಡವರು, ಅದುವರೆಗೆ ಬರೆದದ್ದನ್ನು ಯಾರಿಗೂ ತೋರಿಸಿದವರಲ್ಲ. ಅವರ ಕತೆಯಲ್ಲಿ ಒಬ್ಬ ಹುಡುಗಿಗೆ ಒಂದು ಕಾಗದ ಬರುತ್ತದೆ. ಅದನ್ನು ಮನೆಯವರೆದುರು ಓದುವ ಹಾಗಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಹೊರಗೆ ಬಂದು, ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಪೆಡಲನ್ನು ಕೈಯಲ್ಲಿ ತಿರುಗಿಸುತ್ತಾಳೆ. ಡೈನಮೋ ದೀಪ ಹತ್ತಿಕೊಳ್ಳುತ್ತದೆ. ಒಂದು ಕೈಯಲ್ಲಿ ಪೆಡಲ್, ಇನ್ನೊಂದು ಕೈಯಲ್ಲಿ ಕಾಗದ. ಕೈ ನಿಧಾನವಾದಾಗೆಲ್ಲ ಅಕ್ಷರ ಮಸುಕಾಗುತ್ತದೆ.

ಮೊದಲು ಮಾತಾಡಿದವರು "ಇದು ಕತೆಯೇ ಅಲ್ಲ, ಬರೀ ನೆನಪು" ಅಂದರು. ಅಲ್ಲಿಂದ ಮುಂದಕ್ಕೆ ಎಲ್ಲರೂ ಅದೇ ದಾರಿ ಹಿಡಿದರು. ಶುರು ನಿಧಾನ, ಕೊನೆ ಅವಸರ, ಅಪ್ಪನ ಪಾತ್ರ ಬೆಳೆದಿಲ್ಲ. ನಾನು ಒತ್ತಕ್ಷರದ ತಪ್ಪುಗಳನ್ನು ಗುರುತು ಮಾಡಿಕೊಂಡು ಹೋಗಿದ್ದೆ, ಅವನ್ನು ಒಂದೊಂದಾಗಿ ಓದಿ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಎದ್ದು ನಿಂತು ವಂದನೆ ಹೇಳಿದರು. ಮತ್ತೆ ಬರಲಿಲ್ಲ. ಫೋನ್ ಮಾಡಿದಾಗ "ಸದ್ಯಕ್ಕೆ ಬರೆಯುವುದು ಬಿಟ್ಟಿದ್ದೇನೆ" ಅಂದರು.

ಆ ಡೈನಮೋ ದೀಪ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ದಿನ ಕೂತಿದ್ದ ಎಲ್ಲರಿಗೂ ಅದು ಹಿಡಿಸಿತ್ತು, ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಅವರೆದುರಿಗೆ ಮಾತ್ರ ಯಾರೂ ಹೇಳಲಿಲ್ಲ. ಚೆನ್ನಾಗಿರುವುದು ಬರೆದವರಿಗೆ ಗೊತ್ತೇ ಇರುತ್ತದೆ ಅಂದುಕೊಂಡಿದ್ದೆವು. ಇಲ್ಲ, ಗೊತ್ತಿರುವುದಿಲ್ಲ. ತನ್ನ ಕತೆಯಲ್ಲಿ ಯಾವುದು ಬೆಳಗುತ್ತಿದೆ ಅನ್ನುವುದು ಬರೆದವರಿಗೇ ಎಲ್ಲರಿಗಿಂತ ಕಡಿಮೆ ಕಾಣುತ್ತದೆ. ಅದನ್ನು ಹೇಳದಿದ್ದರೆ ತಿದ್ದುವಾಗ ಅದನ್ನೇ ಕಿತ್ತುಹಾಕಿಬಿಡುತ್ತಾರೆ.

ಅದಕ್ಕೇ ಎರಡನೇ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ, ಕತೆ ಓದಿ ಇಷ್ಟು ದಿನವಾದ ಮೇಲೂ ಮನಸ್ಸಿನಲ್ಲಿ ಉಳಿದಿರುವುದು ಯಾವುದು ಅಂತ ಹೇಳಬೇಕು. ಒಂದು ಸಾಲು, ಒಂದು ಚಿತ್ರ, ಒಂದು ಮಾತು. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. "ಚೆನ್ನಾಗಿದೆ" ಅನ್ನುವ ಮಾತಿಗೆ ನಮ್ಮಲ್ಲಿ ಜಾಗವಿಲ್ಲ. ಎರಡನೇ ಸುತ್ತಿನಲ್ಲಿ ಬರೆದವರು ಕೇಳುತ್ತಾರೆ: "ಎರಡನೇ ಪುಟದಲ್ಲಿ ಅಣ್ಣ ಸುಳ್ಳು ಹೇಳುತ್ತಿದ್ದಾನೆ ಅಂತ ಗೊತ್ತಾಯಿತಾ?" ಹೀಗೆ. ಆಮೇಲಷ್ಟೇ ಎಡವಿದ ಜಾಗಗಳ ಮಾತು. ಅದೂ "ನನಗೆ ಇಲ್ಲಿ ಹೀಗಾಯಿತು" ಅಂತ. "ನೀವು ಹೀಗೆ ಬರೆಯಬೇಕಿತ್ತು" ಅಂದರೆ ಗಡಿಯಾರ ನೋಡುವವರು ತಡೆಯುತ್ತಾರೆ.

ಈ ಕ್ರಮ ಪೂರ್ತಿ ನಮ್ಮದಲ್ಲ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ನಾಲ್ಕು ಹಂತದ ಒಂದು ಪದ್ಧತಿ ರೂಪಿಸಿದರು. ನೋಡಿದವರಿಗೆ ಯಾವುದು ಮನಸ್ಸಿಗೆ ತಟ್ಟಿತು ಅನ್ನುವುದು ಮೊದಲು. ನಂತರ ಕಲಾವಿದರ ಪ್ರಶ್ನೆಗಳು. ಮೂರನೆಯದಾಗಿ ನೋಡಿದವರ ಪ್ರಶ್ನೆಗಳು, ಅವುಗಳಲ್ಲಿ ಅಭಿಪ್ರಾಯ ಅಡಗಿರಬಾರದು. ಕೊನೆಗೆ ಅಭಿಪ್ರಾಯ, ಅದೂ ಕೇಳಲು ಇಷ್ಟವಿದೆಯೇ ಅಂತ ಕಲಾವಿದರ ಒಪ್ಪಿಗೆ ಪಡೆದ ಮೇಲೆ. ಕುಣಿತಕ್ಕೆ ಹುಟ್ಟಿದ್ದು ಕತೆಗೂ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಹಳೆಯ ಕ್ರಮವಿದೆ, ನೀವು ಕೇಳಿರಬಹುದು. ಬರೆದವರು ಬಾಯಿ ಬಿಡಬಾರದು, ಉಳಿದವರು ಮಾತ್ರ ಚರ್ಚಿಸಬೇಕು. 1936ರಲ್ಲಿ ಶುರುವಾದ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕಮ್ಮಟದ ಹೆಸರಿನ ಜೊತೆ ಇದು ಅಂಟಿಕೊಂಡಿದೆ. 1956ರಲ್ಲಿ ಕತೆಗಾರ ಡೇಮನ್ ನೈಟ್ ಮತ್ತು ಗೆಳೆಯರು ಅದೇ ದೇಶದ ಮಿಲ್ಫರ್ಡ್‌ನಲ್ಲಿ ಶುರು ಮಾಡಿದ ವಿಜ್ಞಾನ ಕತೆಗಾರರ ಕಮ್ಮಟದಲ್ಲೂ ಹೀಗೇ. ಸುತ್ತ ಕೂತವರು ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ, ಬರೆದವರ ಮಾತು ಕೊನೆಗೆ. ಇದರಲ್ಲಿ ಒಂದು ಒಳ್ಳೆಯದಿದೆ. ಕತೆ ತಾನೇ ನಿಲ್ಲಬೇಕು, ಪಕ್ಕದಲ್ಲಿ ಕೂತು ಅರ್ಥ ಹೇಳುವವರು ಓದುಗರ ಮನೆಗೆ ಹೋಗುವುದಿಲ್ಲ. ಆದರೆ ಪೂರ್ತಿ ಮೌನ ಹೊಸಬರಿಗೆ ಬಹಳ ಭಾರ. ಅದರಲ್ಲೂ ಕತೆಯ ಬದುಕು ಉಳಿದವರಿಗೆ ಪರಿಚಯವಿಲ್ಲದಿದ್ದರೆ, ಅರ್ಧ ಗಂಟೆ ತಪ್ಪು ದಾರಿಯ ಚರ್ಚೆಯನ್ನು ಬರೆದವರು ಸುಮ್ಮನೆ ಕೇಳುತ್ತಾ ಕೂರಬೇಕಾಗುತ್ತದೆ. ನಾವು ಮೊದಲ ಸುತ್ತಿಗೆ ಮಾತ್ರ ಮೌನ ಇಟ್ಟುಕೊಂಡೆವು.

ಪ್ರತಿ ಬರಹದಿಂದ ಒಂದು ಪುಟವನ್ನು ಬೇರೆಯವರ ಕೈಯಲ್ಲಿ ಗಟ್ಟಿಯಾಗಿ ಓದಿಸಿ. ಕನ್ನಡಕ್ಕೆ ಇದು ತುಂಬಾ ಬೇಕು. ನಾವು ಆಡುವ ಮಾತಿಗೂ ಬರೆಯುವ ಮಾತಿಗೂ ಅಷ್ಟು ದೂರ. ಕಾಗದದ ಮೇಲೆ ಸರಿಯಾಗಿ ಕಂಡ ಸಂಭಾಷಣೆ, ಇನ್ನೊಬ್ಬರು ಓದಿದ ಕೂಡಲೇ "ಅಯ್ಯೋ, ಯಾರೂ ಹೀಗೆ ಮಾತಾಡುವುದಿಲ್ಲ" ಅನ್ನಿಸುತ್ತದೆ. ಜಗಳ ಮಾಡುತ್ತಿರುವ ಪಾತ್ರ ಪಾಠ ಪುಸ್ತಕದ ಕನ್ನಡ ಮಾತಾಡುತ್ತಿರುತ್ತದೆ. ಆ ತಪ್ಪನ್ನು ಕಿವಿ ಹಿಡಿದಷ್ಟು ಬೇಗ ಕಣ್ಣು ಹಿಡಿಯುವುದಿಲ್ಲ.

ಸಭೆಯ ಮೊದಲ ಹತ್ತು ನಿಮಿಷ ಎಲ್ಲರೂ ಅಲ್ಲೇ ಕೂತು ಪೆನ್ನು ಎತ್ತದೆ ಬರೆಯುವುದೂ ಒಳ್ಳೆಯದು. ಅದನ್ನು ಯಾರಿಗೂ ತೋರಿಸಬೇಕಿಲ್ಲ.

ಇನ್ನು ಗುರಿ. "ಈ ವರ್ಷ ಕಾದಂಬರಿ ಮುಗಿಸುತ್ತೇನೆ" ಅನ್ನುವುದು ಆಸೆ. ಆಸೆ ಇರಲಿ, ಅದಿಲ್ಲದೆ ಯಾರೂ ಬರೆಯುವುದಿಲ್ಲ. ಆದರೆ ಇವತ್ತು ಸಂಜೆ ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. "ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ" ಅನ್ನುವುದು ಹೇಳುತ್ತದೆ. ಪತ್ರಿಕೆಯಲ್ಲಿ ಅಚ್ಚಾಗಬೇಕು ಅನ್ನುವುದು ಸಂಪಾದಕರ ಕೈಯಲ್ಲಿದೆ. ವರ್ಷಕ್ಕೆ ನಾಲ್ಕು ಕತೆ ಕಳಿಸುತ್ತೇನೆ ಅನ್ನುವುದು ನಿಮ್ಮ ಕೈಯಲ್ಲಿದೆ.

ಕೆಲಸಕ್ಕೆ ಹೋಗಿಕೊಂಡು ಬರೆಯುವುದು ಕಷ್ಟ ಅಂತ ಬರೆದಿದ್ದೀರಿ. ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲೊಪ್ ಬಹಳ ವರ್ಷ ಅಂಚೆ ಇಲಾಖೆಯಲ್ಲಿ ದುಡಿದವರು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದರು. ಎದುರಿಗೆ ಗಡಿಯಾರ ಇಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಹೀಗೆ 47 ಕಾದಂಬರಿ ಬರೆದರು. ನನಗೆ ಇಲ್ಲಿ ಹಿಡಿಸಿದ್ದು ಆ ವೇಗ ಅಲ್ಲ, ಅದು ನಮಗೆ ಆಗದ ಮಾತು. ಎಷ್ಟು ಪುಟವಾಯಿತು ಅಂತ ಅವರು ದಿನವೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆಯದ ದಿನವೂ ಅದರಲ್ಲಿ ಕಾಣುತ್ತಿತ್ತು. ನಾನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಮತ್ತು ನಿಮಿಷ ಬರೆದಿಡುತ್ತೇನೆ. ಪದಗಳನ್ನಲ್ಲ, ನಿಮಿಷಗಳನ್ನು. ತಿದ್ದುವ ದಿನ ಪದ ಕಡಿಮೆಯಾಗುತ್ತದೆ, ಆದರೆ ಅದೂ ಕೆಲಸವೇ.

ಪದ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. 1999ರಲ್ಲಿ 21 ಜನರಿಂದ ಶುರುವಾಗಿ ಜಗತ್ತಿಗೆಲ್ಲ ಹರಡಿದ ಒಂದು ಸವಾಲಿತ್ತು, ಒಂದು ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯುವುದು. ದಿನಕ್ಕೆ 1,667 ಪದ. ಅದು ಇಂಗ್ಲಿಷಿನ ಲೆಕ್ಕ. ಅಲ್ಲಿ ಐದಾರು ಪದ ಹಿಡಿಯುವುದನ್ನು ನಾವು "ಬಂದುಬಿಡಬಹುದಾಗಿತ್ತಲ್ಲ" ಅಂತ ಒಂದೇ ಪದದಲ್ಲಿ ಹೇಳುತ್ತೇವೆ. ಅದೇ ಸಂಖ್ಯೆಯನ್ನು ಕನ್ನಡಕ್ಕೆ ಹಾಕಿಕೊಂಡು, ಮುಟ್ಟಲಾಗದೆ ಕೈಚೆಲ್ಲಿದವರನ್ನು ನೋಡಿದ್ದೇನೆ. ನೀವು ಪದಗಳನ್ನೇ ಎಣಿಸುವುದಾದರೆ, ಎರಡು ವಾರ ಸುಮ್ನೆ ಬರೆಯಿರಿ, ನಿಮ್ಮ ಸರಾಸರಿ ಎಷ್ಟು ಅಂತ ನೋಡಿ, ಅದಕ್ಕಿಂತ ಸ್ವಲ್ಪ ಕಡಿಮೆಯದನ್ನೇ ಗುರಿ ಮಾಡಿಕೊಳ್ಳಿ. ಹೌದು, ಕಡಿಮೆಯದನ್ನೇ. ಜ್ವರ ಬಂದ ವಾರವೂ ಮುಟ್ಟಬಹುದಾದ ಗುರಿ ಡಿಸೆಂಬರ್‌ವರೆಗೆ ನಡೆಯುತ್ತದೆ.

ನಾಲ್ಕು ದಿನ ತಪ್ಪಿದರೆ ಬಾಕಿ ಅಂತ ಹೊತ್ತುಕೊಳ್ಳಬೇಡಿ. ಬಾಕಿ ಬೆಳೆದರೆ ಮೇಜಿನ ಹತ್ತಿರ ಹೋಗುವುದಕ್ಕೇ ಹೆದರಿಕೆಯಾಗುತ್ತದೆ. ಐದನೇ ದಿನ ಆ ದಿನದ್ದಷ್ಟೇ ಬರೆಯಿರಿ.

ಈ ಗುರಿಯನ್ನು ಕಮ್ಮಟದಲ್ಲಿ ಬಾಯಿಬಿಟ್ಟು ಹೇಳಬೇಕು. ಪ್ರತಿ ಸಭೆಯ ಕೊನೆಯಲ್ಲಿ ಒಬ್ಬೊಬ್ಬರೂ ಮುಂದಿನ ಸಭೆಯೊಳಗೆ ಏನು ಮಾಡುತ್ತೇವೆ ಅಂತ ಒಂದೇ ವಾಕ್ಯದಲ್ಲಿ ಹೇಳುತ್ತೇವೆ. ಮುಂದಿನ ಸಲ ಅದನ್ನು ಓದುತ್ತೇವೆ. ಆಗದಿದ್ದರೆ ಆಗಲಿಲ್ಲ ಅಂತ ಹೇಳಿದರೆ ಮುಗಿಯಿತು. ದಂಡವಿಲ್ಲ, ಸಮಜಾಯಿಷಿ ಕೇಳುವುದಿಲ್ಲ. ಒಬ್ಬರು ಸತತ ಐದು ಸಭೆಯಲ್ಲಿ "ಆಗಲಿಲ್ಲ" ಅಂದರು. ಆರನೇ ಸಭೆಗೆ ಅರ್ಧ ಪುಟ ತಂದರು. ಅವತ್ತು ನಮಗೆಲ್ಲ ಆದ ಸಂತೋಷ ಅಷ್ಟಿಷ್ಟಲ್ಲ. ಆ ಅರ್ಧ ಪುಟ ಈಗ ಹನ್ನೊಂದು ಅಧ್ಯಾಯವಾಗಿದೆ.

ಮೊದಲ ಸಭೆಗೆ ನಿಮ್ಮ ಬರಹವನ್ನೇ ಇಡಿ. ಕರೆದವರು ನೀವು, ಮೊದಲು ಧೈರ್ಯ ಮಾಡಬೇಕಾದವರೂ ನೀವೇ. ತೀರಾ ತಿದ್ದಿ ನುಣುಪು ಮಾಡಿದ್ದು ಬೇಡ, ನಿಮಗೇ ಎಲ್ಲೋ ಸಿಕ್ಕಿಕೊಂಡಿರುವ ಕರಡು ಕೊಡಿ. ಟೀಕೆ ಬಂದಾಗ ನೀವು ಹೇಗೆ ಕೇಳಿಸಿಕೊಳ್ಳುತ್ತೀರಿ ಅನ್ನುವುದನ್ನು ಉಳಿದ ಐವರು ನೋಡುತ್ತಿರುತ್ತಾರೆ. ಎಲ್ಲರೂ ಏಳುವ ಮುಂಚೆ ಮುಂದಿನ ಇಬ್ಬರ ಹೆಸರು ಮತ್ತು ಅವರು ಬರಹ ಕಳಿಸಬೇಕಾದ ದಿನ ಬರೆದುಕೊಳ್ಳಿ.