ಬೆಳಕು ಬಾಗುವುದು ಏಕೆ?

ಪ್ರಶ್ನೆ: ವಿರಳ ಮಾಧ್ಯಮದಿಂದ ಸಾಂದ್ರ ಮಾಧ್ಯಮಕ್ಕೆ ಹೋಗುವ ಬೆಳಕು ಲಂಬದ ಕಡೆಗೆ ಬಾಗುತ್ತದೆ ಎಂದು ಹತ್ತನೆಯ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಆದರೆ ಸೀಮೆಎಣ್ಣೆ ನೀರಿನ ಮೇಲೆ ತೇಲುವಷ್ಟು ಹಗುರವಾಗಿದ್ದರೂ ಅದರ ವಕ್ರೀಭವನ ಸೂಚ್ಯಂಕ ನೀರಿನದಕ್ಕಿಂತ ಹೆಚ್ಚಾಗಿದೆ. ಇದು ಹೇಗೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಅಷ್ಟಕ್ಕೂ ಬೆಳಕು ಬಾಗುವುದಾದರೂ ಏಕೆ?
– ಪ್ರೌಢಶಾಲಾ ಶಿಕ್ಷಕಿ, ಸಿರಸಿ

ಉತ್ತರ: ವಿದ್ಯಾರ್ಥಿನಿಯ ಸಂಶಯ ನ್ಯಾಯವಾದದ್ದು. ಬೆಳಕಿನ ಬಾಗುವಿಕೆಯನ್ನು ನಿರ್ಧರಿಸುವುದು ವಸ್ತುವಿನ ತೂಕವಲ್ಲ, ಅದರೊಳಗೆ ಬೆಳಕು ಸಾಗುವ ವೇಗ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷ, ಸೀಮೆಎಣ್ಣೆಯಲ್ಲಿ ಸುಮಾರು 2.08 ಲಕ್ಷ, ವಜ್ರದಲ್ಲಿ ಕೇವಲ 1.24 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಿರ್ವಾತದಲ್ಲಿನ ವೇಗವನ್ನು ಇವುಗಳಿಂದ ಭಾಗಿಸಿದರೆ ಬರುವ 1.33, 1.44 ಮತ್ತು 2.42 ಎಂಬ ಸಂಖ್ಯೆಗಳೇ ಆಯಾ ವಸ್ತುಗಳ ವಕ್ರೀಭವನ ಸೂಚ್ಯಂಕಗಳು. ಪಠ್ಯದಲ್ಲಿ ಬರುವ 'ಸಾಂದ್ರ' ಮಾಧ್ಯಮವೆಂದರೆ ಬೆಳಕು ನಿಧಾನವಾಗಿ ಸಾಗುವ ಮಾಧ್ಯಮ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಮಕ್ಕಳ ಅರ್ಧ ತೊಡಕು ಕಳೆಯುತ್ತದೆ.

ಇನ್ನು ವೇಗ ತಗ್ಗಿದ ಮಾತ್ರಕ್ಕೆ ದಿಕ್ಕು ಏಕೆ ಬದಲಾಗಬೇಕು ಎಂಬುದು ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪಾಠದ ತಿರುಳು ಇರುವುದು ಇಲ್ಲೇ, ಆದರೆ ಸೂತ್ರಕ್ಕೆ ಅವಸರಿಸುವ ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಗಾಳಿಯಲ್ಲಿ 540 ನ್ಯಾನೋಮೀಟರ್ ತರಂಗಾಂತರವಿರುವ ಹಸಿರು ಬೆಳಕನ್ನು ತೆಗೆದುಕೊಳ್ಳೋಣ. ಅದರ ಅಲೆಯ ಶಿಖರಗಳು ಸೆಕೆಂಡಿಗೆ ಸುಮಾರು 555 ಲಕ್ಷ ಕೋಟಿಯಷ್ಟು ನೀರಿನ ಮೇಲ್ಮೈಯನ್ನು ತಲುಪುತ್ತವೆ. ಗಡಿಯಲ್ಲಿ ಶಿಖರಗಳು ಹುಟ್ಟುವುದೂ ಇಲ್ಲ, ಕಳೆದುಹೋಗುವುದೂ ಇಲ್ಲವಾದ್ದರಿಂದ ಅಷ್ಟೇ ಸಂಖ್ಯೆಯವು ಪ್ರತಿ ಸೆಕೆಂಡಿಗೆ ನೀರಿನೊಳಗೂ ಹೊರಡಬೇಕು. ಅಂದರೆ ಬೆಳಕಿನ ಆವೃತ್ತಿ ಬದಲಾಗುವಂತಿಲ್ಲ. ಆದರೆ ನೀರಿನಲ್ಲಿ ವೇಗ ಕಡಿಮೆಯಾದ್ದರಿಂದ ಒಂದು ಶಿಖರ ಹೆಚ್ಚು ದೂರ ಹೋಗುವ ಮೊದಲೇ ಅದರ ಹಿಂದಿನದು ಒಳಗೆ ಬಂದಿರುತ್ತದೆ, ಹೀಗಾಗಿ ಶಿಖರಗಳ ನಡುವಿನ ಅಂತರ ಸುಮಾರು 405 ನ್ಯಾನೋಮೀಟರಿಗೆ ಕುಗ್ಗುತ್ತದೆ. ಬೆಳಕು ನೇರವಾಗಿ ಬಿದ್ದಾಗ ಇಷ್ಟೇ ಆಗುತ್ತದೆ, ಬಾಗುವ ಪ್ರಶ್ನೆಯೇ ಇಲ್ಲ. ಓರೆಯಾಗಿ ಬಿದ್ದಾಗ ಮಾತ್ರ ಶಿಖರದ ಒಂದು ತುದಿ ಮೊದಲು ನೀರನ್ನು ಸೇರಿ ನಿಧಾನವಾಗುತ್ತದೆ, ಇನ್ನೊಂದು ತುದಿ ಗಾಳಿಯಲ್ಲಿ ಮೊದಲಿನ ವೇಗದಲ್ಲೇ ಸಾಗುತ್ತಿರುತ್ತದೆ. ಮೇಲಿನ ಶಿಖರಗಳೂ ಕೆಳಗಿನ ಶಿಖರಗಳೂ ಮೇಲ್ಮೈಯ ಪ್ರತಿ ಬಿಂದುವಿನಲ್ಲಿ ಕೂಡಿಕೊಂಡೇ ಇರಬೇಕಾದ್ದರಿಂದ, ಅಂತರ ಕುಗ್ಗಿದ ಕೆಳಗಿನ ಶಿಖರಗಳು ಮೇಲ್ಮೈಯತ್ತ ಇನ್ನಷ್ಟು ಮಲಗಿಕೊಳ್ಳದೆ ಬೇರೆ ದಾರಿಯಿಲ್ಲ. ಶಿಖರ ತಿರುಗಿದರೆ ಅದಕ್ಕೆ ಲಂಬವಾಗಿ ಸಾಗುವ ಕಿರಣವೂ ತಿರುಗುತ್ತದೆ. ಸ್ನೆಲ್‌ನ ನಿಯಮ ಹೇಳುವುದು ಈ ಹೊಂದಾಣಿಕೆಯ ಲೆಕ್ಕವನ್ನೇ. ಗಾಳಿಯಿಂದ 45 ಡಿಗ್ರಿ ಕೋನದಲ್ಲಿ ಬಿದ್ದ ಕಿರಣ ನೀರಿನೊಳಗೆ ಲಂಬದಿಂದ 32 ಡಿಗ್ರಿಯಲ್ಲೂ, ಸೀಮೆಎಣ್ಣೆಯೊಳಗೆ ಸುಮಾರು 29 ಡಿಗ್ರಿಯಲ್ಲೂ, ವಜ್ರದೊಳಗೆ 17 ಡಿಗ್ರಿಯಲ್ಲೂ ಸಾಗುತ್ತದೆ.

ವೇಗ ತಗ್ಗುವುದಕ್ಕೆ ಬೆಳಕು ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತಾ ಹೋಗುವುದು ಕಾರಣ ಎಂಬ ವಿವರಣೆ ಅಲ್ಲಲ್ಲಿ ಕಾಣಸಿಗುತ್ತದೆ, ಅದು ಸರಿಯಲ್ಲ. ಹಾಗಾಗಿದ್ದರೆ ಬೆಳಕು ದಿಕ್ಕಾಪಾಲಾಗಿ ಚದುರಿ ನೀರು ಹಾಲಿನಂತೆ ಬೆಳ್ಳಗೆ ಕಾಣಬೇಕಿತ್ತು. ಬೆಳಕಿನ ವಿದ್ಯುತ್ ಕ್ಷೇತ್ರ ವಸ್ತುವಿನ ಎಲೆಕ್ಟ್ರಾನ್‌ಗಳನ್ನು ಅದೇ ಆವೃತ್ತಿಯಲ್ಲಿ ಕಂಪಿಸುವಂತೆ ಮಾಡುತ್ತದೆ, ಕಂಪಿಸುವ ಎಲೆಕ್ಟ್ರಾನ್‌ಗಳು ತಮ್ಮದೇ ಅಲೆಗಳನ್ನು ಹೊರಸೂಸುತ್ತವೆ, ಇವೆಲ್ಲ ಮೂಲ ಅಲೆಯೊಂದಿಗೆ ಕೂಡಿ ನಿಧಾನವಾಗಿ ಸಾಗುವ ಒಂದೇ ಅಲೆಯಾಗಿ ವರ್ತಿಸುತ್ತವೆ. ಸೀಮೆಎಣ್ಣೆಯ ಹೈಡ್ರೋಕಾರ್ಬನ್ ಅಣುಗಳ ಎಲೆಕ್ಟ್ರಾನ್‌ಗಳು ನೀರಿನವುಗಳಿಗಿಂತ ಸುಲಭವಾಗಿ ಅಲುಗುತ್ತವೆ. ಆದ್ದರಿಂದಲೇ ಹಗುರವಾಗಿದ್ದರೂ ಅದು ಬೆಳಕನ್ನು ಹೆಚ್ಚು ತಡೆಯುತ್ತದೆ. ಹಾಗೆಂದು ಸಾಂದ್ರತೆಗೆ ಇದರಲ್ಲಿ ಪಾತ್ರವೇ ಇಲ್ಲವೆಂದಲ್ಲ. ಒಂದೇ ವಸ್ತುವನ್ನು ಕಾಯಿಸಿ ಹಿಗ್ಗಿಸಿದರೆ ಸಾಮಾನ್ಯವಾಗಿ ಅದರ ಸೂಚ್ಯಂಕ ಇಳಿಯುತ್ತದೆ, ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುವುದೂ ಇದರಿಂದಲೇ. ಎರಡು ಬೇರೆ ಬೇರೆ ವಸ್ತುಗಳನ್ನು ಹೋಲಿಸುವಾಗ ಮಾತ್ರ ತೂಕವನ್ನು ನಂಬಬಾರದು.

ನೀರಿನಲ್ಲಿ ಬೆಳಕು ನಿಜಕ್ಕೂ ನಿಧಾನವಾಗುತ್ತದೆಯೇ ಎಂಬುದೇ ಒಂದು ಕಾಲಕ್ಕೆ ದೊಡ್ಡ ವಿವಾದವಾಗಿತ್ತು. ಬೆಳಕನ್ನು ಕಣಗಳೆಂದು ಬಗೆದ ನ್ಯೂಟನ್ನನ ಲೆಕ್ಕದ ಪ್ರಕಾರ ನೀರು ಆ ಕಣಗಳನ್ನು ಸೆಳೆಯುವುದರಿಂದ ವೇಗ ಹೆಚ್ಚಬೇಕಿತ್ತು. 1850ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೋ ತಿರುಗುವ ಕನ್ನಡಿಯ ನೆರವಿನಿಂದ ಎರಡು ಮಾಧ್ಯಮಗಳಲ್ಲಿನ ವೇಗಗಳನ್ನು ಹೋಲಿಸಿ, ನೀರಿನಲ್ಲಿ ಬೆಳಕು ನಿಧಾನವೆಂದು ತೋರಿಸಿದ.

ಪ್ರಶ್ನೆ: ನಮ್ಮೂರ ಕಲ್ಯಾಣಿಯಲ್ಲಿ ಮುಳುಗಿದ ಮೆಟ್ಟಿಲುಗಳು ತೀರ ಮೇಲಿರುವಂತೆ ಕಾಣುತ್ತವೆ, ಇಳಿಯಹೋದರೆ ಕಾಲಿಗೆ ಎಟುಕುವುದಿಲ್ಲ. ಈ ವ್ಯತ್ಯಾಸ ಎಷ್ಟಿರುತ್ತದೆ? ಒಳಗಿರುವ ಮೀನಿಗೆ ನಾವು ಹೇಗೆ ಕಾಣುತ್ತೇವೆ?
– ಓದುಗರೊಬ್ಬರು, ಗದಗ

ಉತ್ತರ: ನೇರವಾಗಿ ಮೇಲಿನಿಂದ ಇಣುಕಿದರೆ ನೀರು ತನ್ನ ನಿಜವಾದ ಆಳದ ಮುಕ್ಕಾಲು ಪಾಲಿನಷ್ಟು ಮಾತ್ರ ಕಾಣುತ್ತದೆ, 4 ಮೀಟರ್ ಆಳವಿದ್ದರೆ 3 ಮೀಟರ್. ನೀರಿನಿಂದ ಹೊರಬರುವ ಕಿರಣಗಳು ಲಂಬದಿಂದ ದೂರ ಬಾಗುತ್ತವೆ, ಕಣ್ಣು ಮಾತ್ರ ಅವು ನೇರವಾಗಿ ಬಂದವೆಂದೇ ತಿಳಿದು ಅವುಗಳ ಮೂಲವನ್ನು ಮೇಲಕ್ಕೆ ಊಹಿಸುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದಷ್ಟೂ ಆಳ ಇನ್ನೂ ಕಡಿಮೆಯೆನಿಸುತ್ತದೆ. ಈಜು ಬಾರದವರು ಕಣ್ಣಳತೆಯನ್ನು ನಂಬಿ ನೀರಿಗಿಳಿಯಲೇಬಾರದು.

ಮೀನಿನ ನೋಟ ಇನ್ನೂ ವಿಚಿತ್ರವಾದದ್ದು. ನೀರಿನೊಳಗಿನಿಂದ ಲಂಬಕ್ಕೆ ಸುಮಾರು 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮೇಲ್ಮೈಗೆ ಬಂದ ಬೆಳಕು ಹೊರಗೆ ದಾಟಲಾರದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ಹೀಗಾಗಿ ಅಲೆಯಿಲ್ಲದ ನೀರಿನಲ್ಲಿ ಮೀನಿಗೆ ಹೊರಲೋಕವೆಲ್ಲ, ದಿಗಂತದಿಂದ ದಿಗಂತದವರೆಗಿನ ಆಕಾಶವೂ ಸೇರಿ, ತಲೆಯ ಮೇಲೆ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಂಡಿಯಲ್ಲಿ ಅಡಕವಾಗಿರುತ್ತದೆ. ದಡದಲ್ಲಿ ನಿಂತ ನೀವು ಆ ಕಿಂಡಿಯ ಅಂಚಿನ ಬಳಿ ಕುಗ್ಗಿಹೋಗಿ ಕಾಣುತ್ತೀರಿ. ಕಿಂಡಿಯ ಆಚೆಗೆ ಮೇಲ್ಮೈ ಕನ್ನಡಿಯಾಗಿ ಕಲ್ಯಾಣಿಯ ತಳವನ್ನೇ ತೋರಿಸುತ್ತದೆ.

ಪ್ರಶ್ನೆ: ಎಣ್ಣೆಯಲ್ಲಿ ಅದ್ದಿದ ಗಾಜಿನ ಕಡ್ಡಿ ಮಾಯವಾಗುತ್ತದೆಂಬುದು ನಿಜವೇ?
– ವಿದ್ಯಾರ್ಥಿ, ಹಾಸನ

ಉತ್ತರ: ನಿಜ, ಆದರೆ ಗಾಜು ಯಾವುದೆಂಬುದು ಮುಖ್ಯ. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿನ ಸೂಚ್ಯಂಕವೂ ಅಡುಗೆ ಎಣ್ಣೆಯ ಸೂಚ್ಯಂಕವೂ ಹತ್ತಿರ ಹತ್ತಿರ 1.47. ವೇಗ ಬದಲಾಗದ ಗಡಿಯಲ್ಲಿ ಬೆಳಕು ಬಾಗುವುದಿಲ್ಲ, ಪ್ರತಿಫಲಿಸುವುದೂ ಇಲ್ಲ. ಕಣ್ಣಿಗೆ ಅಂಚು ತೋರಿಸಲು ಏನೂ ಉಳಿಯುವುದಿಲ್ಲ. ಕಿಟಕಿಯ ಗಾಜಿನ ಸೂಚ್ಯಂಕ ಸುಮಾರು 1.52 ಆಗಿರುವುದರಿಂದ ಅದರ ಚೂರು ಎಣ್ಣೆಯಲ್ಲೂ ಮಸುಕಾಗಿ ಕಾಣುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಇದೇ ತತ್ತ್ವದಿಂದ ಗಾಜಿನ ಚೂರುಗಳನ್ನು ಪರೀಕ್ಷಿಸುತ್ತಾರೆ. ಚೂರನ್ನು ಸಿಲಿಕೋನ್ ಎಣ್ಣೆಯಲ್ಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ನಿಧಾನವಾಗಿ ಕಾಯಿಸುತ್ತಾರೆ. ಬಿಸಿಯೇರಿದಂತೆ ಎಣ್ಣೆಯ ಸೂಚ್ಯಂಕ ಇಳಿಯುತ್ತದೆ, ಅಂಚು ಕಾಣದಾದ ಉಷ್ಣತೆಯಿಂದ ಗಾಜಿನ ಸೂಚ್ಯಂಕವನ್ನು ಲೆಕ್ಕ ಹಾಕಿ, ಅಪಘಾತದ ಸ್ಥಳದಲ್ಲಿ ಸಿಕ್ಕ ಚೂರು ಶಂಕಿತ ವಾಹನದ ಗಾಜಿಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ.