ನಮ್ಮ ಸುಪ್ರೀಂ ಕೋರ್ಟ್ ಅಂತಾರಾಷ್ಟ್ರೀಯ ಒಪ್ಪಂದ, ಬೇರೆ ದೇಶದ ತೀರ್ಪುಗಳನ್ನು ಬಳಸಬಹುದಾ?

ಬಳಸಬಹುದು, ಬಳಸುತ್ತಲೂ ಇದೆ. ಆದರೆ ಎರಡಕ್ಕೂ ಒಂದೇ ತೂಕ ಇಲ್ಲ.

ಭಾರತ ತಾನೇ ಒಪ್ಪಿಕೊಂಡ ಒಪ್ಪಂದಕ್ಕೆ ಬೆಲೆ ಜಾಸ್ತಿ. 1997ರ ವಿಶಾಖಾ ಪ್ರಕರಣವನ್ನೇ ನೋಡಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯಲು ಆಗ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ಹೋಗಲಾಡಿಸುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1993ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಕೋರ್ಟ್ ಅದನ್ನು ಸಮಾನತೆ, ಸ್ವಾತಂತ್ರ್ಯ, ಬದುಕುವ ಹಕ್ಕುಗಳನ್ನು ಹೇಳುವ ಸಂವಿಧಾನದ 14, 15, 19, 21ನೇ ವಿಧಿಗಳ ಜೊತೆಗಿಟ್ಟು ಓದಿತು. ದೂರು ಸಮಿತಿಗೆ ಮಹಿಳೆಯೇ ಮುಖ್ಯಸ್ಥೆ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಎಂಬಂಥ ನಿಯಮಗಳನ್ನೇ ಬರೆದುಕೊಟ್ಟಿತು. ಸಂಸತ್ತು ಕಾನೂನು ಮಾಡಿದ್ದು 2013ರಲ್ಲಿ. ಅಲ್ಲಿಯವರೆಗೆ, 16 ವರ್ಷ, ಲಕ್ಷಾಂತರ ಹೆಣ್ಣುಮಕ್ಕಳಿಗೆ ಆ ತೀರ್ಪೇ ಆಸರೆ.

ಬೇರೆ ದೇಶದ ತೀರ್ಪು ಹಾಗಲ್ಲ. ಅದನ್ನು ಪಾಲಿಸಲೇಬೇಕೆಂದಿಲ್ಲ, ಓದಿ ತೂಗಿ ನೋಡಿದರೆ ಸಾಕು. ನಮ್ಮ ತೀರ್ಪನ್ನೇ ಬೇರೆ ದೇಶದ ಕೋರ್ಟ್ ಹೇಗೆ ಬಳಸಿತು ನೋಡಿ. 1995ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಮರಣದಂಡನೆ ರದ್ದು ಮಾಡುವಾಗ, ಅದನ್ನು ಎತ್ತಿಹಿಡಿದಿದ್ದ ನಮ್ಮ 1980ರ ಬಚ್ಚನ್ ಸಿಂಗ್ ತೀರ್ಪನ್ನೂ ಚರ್ಚಿಸಿತು, ಆದರೆ ಒಪ್ಪಲಿಲ್ಲ. ಭಾರತದ 21ನೇ ವಿಧಿ ಕಾನೂನಿನ ಕ್ರಮದಂತೆ ಜೀವ ತೆಗೆಯಲು ಅವಕಾಶ ಬಿಟ್ಟಿದೆ, ದಕ್ಷಿಣ ಆಫ್ರಿಕಾದ ಸಂವಿಧಾನದಲ್ಲಿ ಅಂಥ ಮಾತಿಲ್ಲ ಎಂದಿತು. ಸುಮ್ನೆ ತಳ್ಳಿಹಾಕದೆ, ಹೀಗೆ ಕಾರಣ ಕೊಟ್ಟು ಬೇಡ ಅನ್ನುವುದೂ ಬಳಕೆಯೇ ಅಲ್ವಾ?