ಖಡಕ್‌ವಾಸ್ಲಾದ ಎನ್‌ಡಿಎ ಕಟ್ಟಡಕ್ಕೆ ಸುಡಾನ್ ಹೆಸರು ಯಾಕೆ?

ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ, ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ನಮ್ಮ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಮುಖ್ಯ ಕಟ್ಟಡಕ್ಕೆ 'ಸುಡಾನ್ ಬ್ಲಾಕ್' ಅಂತ ಪರದೇಶದ ಹೆಸರು ಯಾಕೆ, ಬದಲಾಯಿಸಬಾರದಾ ಅಂತ ಕೇಳಿದ್ದೀರಿ. ಖಂಡಿತ ಬದಲಾಯಿಸಬಾರದು ಅಂತ ನಾನು ಹೇಳುತ್ತೇನೆ. ಆ ಹೆಸರಿನ ಹಿಂದೆ ಇರುವವರು ನಮ್ಮ ಸೈನಿಕರೇ.

ಎರಡನೇ ಮಹಾಯುದ್ಧದ ಹೊತ್ತು, ಭಾರತದ ಹಾಗೆ ಸುಡಾನ್ ಕೂಡ ಬ್ರಿಟಿಷರ ಕೈಯಲ್ಲಿತ್ತು. 1940ರಲ್ಲಿ ಇಟಲಿಯ ಸೇನೆ ಗಡಿ ದಾಟಿ ಸುಡಾನಿನ ಕಸಾಲಾ ಪಟ್ಟಣವನ್ನು ಹಿಡಿದಿತ್ತು. ಅವರನ್ನು ಹಿಂದಕ್ಕಟ್ಟಿದ್ದರಲ್ಲಿ ಭಾರತೀಯ ಸೇನೆಯ 4 ಮತ್ತು 5ನೇ ಡಿವಿಷನ್‌ಗಳ (ಸಾವಿರಾರು ಸೈನಿಕರ ದೊಡ್ಡ ತುಕಡಿಗಳ) ಪಾಲು ದೊಡ್ಡದು. 1941ರಲ್ಲಿ ಪಕ್ಕದ, ಇಟಲಿಯ ಹಿಡಿತದಲ್ಲಿದ್ದ ಎರಿಟ್ರಿಯಾದ ಕೆರೆನ್‌ನಲ್ಲಂತೂ ಶತ್ರು ಬೆಟ್ಟದ ಮೇಲೆ, ನಮ್ಮವರು ಕೆಳಗೆ. ಗುಂಡಿನ ಮಳೆಯಲ್ಲೇ ಹತ್ತಬೇಕಿತ್ತು. ತುಂಬಾ ಜನ ಹಿಂದಿರುಗಲಿಲ್ಲ. ಅವರ ನೆನಪಿಗೆ ಸ್ಮಾರಕ ಕಟ್ಟಿ ಅಂತ ಸುಡಾನ್ ಸರ್ಕಾರ 1 ಲಕ್ಷ ಪೌಂಡ್ ಕೊಟ್ಟಿತು. ದೇಶ ವಿಭಜನೆಯಾದಾಗ ಆ ಹಣವೂ ಪಾಲಾಯಿತು. ಭಾರತಕ್ಕೆ ಬಂದದ್ದು 70,000 ಪೌಂಡ್.

ಆ ದುಡ್ಡಲ್ಲಿ ಸುಮ್ನೆ ಒಂದು ಕಂಬ ನಿಲ್ಲಿಸಬಹುದಿತ್ತು, ಅಲ್ವಾ? ಅದರ ಬದಲು ಮುಂದಿನ ಅಧಿಕಾರಿಗಳು ಓದುವ ಜಾಗಕ್ಕೆ ಬಳಸಿದರು. ಇದಕ್ಕಿಂತ ಒಳ್ಳೆಯ ಸ್ಮಾರಕ ನನಗೆ ತೋಚುವುದಿಲ್ಲ. ನೆಹರು 1949ರ ಅಕ್ಟೋಬರ್ 6ರಂದು ಅಕಾಡೆಮಿಗೆ ಅಡಿಗಲ್ಲು ಹಾಕಿದರು. ಸುಡಾನ್ ಬ್ಲಾಕ್ ಉದ್ಘಾಟನೆಯಾದದ್ದು 1959ರ ಮೇ 30ರಂದು. ಉದ್ಘಾಟಿಸಿದವರು ಸುಡಾನಿನ ರಾಯಭಾರಿ.

ಕಟ್ಟಡ ಮೂರು ಅಂತಸ್ತಿನದು. ಕಪ್ಪು ಬಸಾಲ್ಟ್ ಕಲ್ಲು, ಜೋಧಪುರದ ಕೆಂಪು ಮರಳುಗಲ್ಲು, ಸಾಲು ಕಮಾನು, ಕಂಬ, ಜಗಲಿ, ಮೇಲೊಂದು ಗುಮ್ಮಟ. ಹಿಂದೆ ಸಿಂಹಗಡದ ಸಾಲು ಇರುವುದರಿಂದ ಗುಮ್ಮಟ ಎಷ್ಟು ದೊಡ್ಡದಾದರೂ ಅಬ್ಬರ ಅನ್ನಿಸುವುದಿಲ್ಲ. ಒಳಗಿನ ಹಜಾರಕ್ಕೆ ಬಿಳಿ ಇಟಾಲಿಯನ್ ಅಮೃತಶಿಲೆ. ಇಟಲಿಯ ವಿರುದ್ಧ ಹೋರಾಡಿದವರ ಸ್ಮಾರಕಕ್ಕೆ ಇಟಲಿಯದೇ ಕಲ್ಲು!

ಆ ಹಜಾರದ ಗೋಡೆಗಳಲ್ಲಿ ಪರಮವೀರ ಚಕ್ರ, ಅಶೋಕ ಚಕ್ರ ಪಡೆದ ಹಳೆಯ ಕೆಡೆಟ್‌ಗಳ ಚಿತ್ರಗಳಿವೆ. ಇಲ್ಲಿ ಕಲಿತವರಲ್ಲಿ ಮೊದಲು ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಪ್ರಾಣ ಬಿಟ್ಟದ್ದೂ ಆಫ್ರಿಕಾದಲ್ಲೇ. 1961ರ ಡಿಸೆಂಬರ್‌ನಲ್ಲಿ, ಕಾಂಗೋದಲ್ಲಿ, ವಿಶ್ವಸಂಸ್ಥೆಯ ಪಡೆಯಲ್ಲಿದ್ದಾಗ. ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕೂಡ ಇದೇ ಅಕಾಡೆಮಿಯವರು.

ನೋಡುವ ಆಸೆ ಇದ್ದರೆ ಒಂದು ಮಾತು: ಇದು ಸೇನೆಯ ಜಾಗ, ಹಾಗೇ ಹೋದರೆ ಗೇಟಲ್ಲೇ ನಿಲ್ಲಿಸುತ್ತಾರೆ. ನಿಮ್ಮ ಬಂಧುಗಳ ಮಕ್ಕಳು ಅಲ್ಲಿ ಕೆಡೆಟ್ ಆಗಿದ್ದರೆ ತರಬೇತಿ ಮುಗಿದಾಗ ನಡೆಯುವ ಪಾಸಿಂಗ್ ಔಟ್ ಪರೇಡ್‌ಗೆ ಕರೆ ಸಿಗುತ್ತದಾ ಅಂತ ಕೇಳಿ ನೋಡಿ.